ಮುತ್ತಂಗ ದಾಟುವಾಗ

ಗೆಳೆಯಾ,

ಹೋದ ವಾರ ಮೈಸೂರಿನಿಂದ ಕಲ್ಲಿಕೋಟೆಗೆ ಬಸ್ಸಿನಲ್ಲಿ ಹೋದೆ. ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ನಿನ್ನ ಹಸಿರು ಛತ್ರಿಯ ಆಣೆ, ಈ ಸಲ ಯಾರಿಗೂ ಬಿಟ್ಟುಕೊಡಲಿಲ್ಲ. ಮೂಲೆಹೊಳೆ ದಾಟಿ ಕೇರಳದ ವಯನಾಡಿನ ಮುತ್ತಂಗ ಕಾಡು ಬಂದಾಗ ಬಸ್ಸಿನವರೆಲ್ಲ ಆನೆ ಹುಡುಕುತ್ತಿದ್ದರು. ಇಷ್ಟು ವರ್ಷ ನಾನೂ ಅಲ್ಲಿ ಹುಡುಕಿದ್ದು ಆನೆಯನ್ನೇ. ಈ ಸಲ ಆದಿವಾಸಿಗಳ ಭೂಮಿಗಾಗಿ ಹೋರಾಡಿದ ಸಿ.ಕೆ. ಜಾನು ನೆನಪಾದರು.

ಪರರ ಪಾಲಾದ ಆದಿವಾಸಿಗಳ ಭೂಮಿಯನ್ನು ಮರಳಿಸಲು ಕೇರಳ ಕಾನೂನು ಮಾಡಿದ್ದು 1975ರಲ್ಲಿ. ಅದಕ್ಕೆ ನಿಯಮ ಬರೆಯುವ ಹೊತ್ತಿಗೆ 1986 ಬಂದಿತ್ತು. ಕೇಳಿದವರಿಗೆಲ್ಲ ‘ನೋಡೋಣ’ ಎಂಬ ಉತ್ತರ. 2001ರಲ್ಲಿ ಜಾನು ಸಂಗಡಿಗರೊಂದಿಗೆ ತಿರುವನಂತಪುರದ ಸೆಕ್ರೆಟೇರಿಯಟ್ ಎದುರಿನಲ್ಲೇ ಗುಡಿಸಲು ಹಾಕಿ 48 ದಿನ ಕುಳಿತರು. ಭೂಮಿಯಿಲ್ಲದ ಕುಟುಂಬಕ್ಕೆ 1ರಿಂದ 5 ಎಕರೆ ಕೊಡುತ್ತೇವೆಂದು ಸರ್ಕಾರ ಒಪ್ಪಿತು. ಕೊಟ್ಟ ಮಾತು ಉಳಿಯಲಿಲ್ಲ. 2003ರ ಜನವರಿ 4ರಂದು ಜಾನು ಮತ್ತು ಹೋರಾಟದ ಜೊತೆಗಾರ ಎಂ. ಗೀತಾನಂದನ್ ಅವರೊಂದಿಗೆ ನೂರಾರು ಕುಟುಂಬಗಳು ಮುತ್ತಂಗದ ಕಾಡಿಗೆ ನಡೆದವು. ಫೆಬ್ರುವರಿ 19ರಂದು ಗೋಲಿಬಾರ್ ಆಯಿತು. ಜೋಗಿ ಎಂಬ ಆದಿವಾಸಿ ಸತ್ತರು, ಒಬ್ಬ ಪೊಲೀಸರೂ ಸತ್ತರು. ಬಂಧನದ ನಂತರದ ಚಿತ್ರದಲ್ಲಿ ಜಾನು ಅವರ ಕೆನ್ನೆ ಊದಿಕೊಂಡಿದೆ. ಆ ಮುಖವನ್ನು ನಾನು ಮರೆಯಲಾರೆ.

ಜಾನು ವಯನಾಡಿನ ತ್ರಿಶ್ಶಿಲೇರಿಯ ಅಡಿಯ ಸಮುದಾಯದವರು. ಅಡಿಯಾಳು ಎಂಬ ನಮ್ಮ ಮಾತೇ ಆ ಹೆಸರಿನಲ್ಲಿದೆ. ಆ ಸಮುದಾಯದವರು ತಮ್ಮನ್ನು ಕರೆದುಕೊಳ್ಳುವುದು ರಾವುಳರೆಂದು. ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ ಮುಂಗಡ ಕೊಟ್ಟು ಅವರನ್ನು ವರ್ಷಕ್ಕೆ ಜೀತಕ್ಕೆ ಗೊತ್ತುಮಾಡುತ್ತಿದ್ದರು. ಗಡಿಯ ಈಚೆ, ನಮ್ಮ ಕೊಡಗಿನಲ್ಲಿ, ಅದೇ ಜನರನ್ನು ಎರವರು ಎನ್ನುತ್ತೇವೆ.

ಅಜ್ಜನ ತೋಟದ ಲೈನ್ ಮನೆಯಲ್ಲಿದ್ದ ಮುದುಕಿ ನಿನಗೆ ನೆನಪಿದ್ದಾರೆಯೇ? ಕಿತ್ತಳೆ ಮರದ ಬುಡದ ಎರಡು ಕಲ್ಲುಗಳ ಮುಂದೆ ವೀಳ್ಯದೆಲೆ ಇಡುತ್ತಿದ್ದರು. ಕಾಫಿ ಒಣಗಿಸುವ ಕಣ ಮಾಡಿಸುವಾಗ ಆ ಕಲ್ಲುಗಳನ್ನು ಕಿತ್ತರು. ‘ಅಲ್ಲಿ ನಮ್ಮವರಿದ್ದಾರೆ’ ಎಂದಷ್ಟೇ ಹೇಳಿ ಆಕೆ ಬುಟ್ಟಿ ಎತ್ತಿಕೊಂಡು ಹೊರಟರು. ಆ ಕಣದ ಮೇಲೆಯೇ ನಾನು ಸೈಕಲ್ ಕಲಿತೆ.

ಹೋದ ವರ್ಷ ತೋಟದ ಆ ಪಾಲು ನನ್ನ ಹೆಸರಿಗೆ ಬಂತು. ಆಕೆಯ ಹೆಸರನ್ನು ಹುಡುಕಿದರೆ ನಮ್ಮ ಹಳೆಯ ಕೂಲಿ ಪುಸ್ತಕದಲ್ಲಿ ಸಿಗುತ್ತದೆ, ಪಹಣಿಯಲ್ಲಿ ಸಿಗುವುದಿಲ್ಲ. ಆಕೆಯ ಮಗಳು ಕಳೆದ ತಿಂಗಳು ನನ್ನ ಮುಂದೆ ನಿಂತು, ‘ಕಣದ ಆ ಮೂಲೆಯನ್ನು ನಮಗೆ ಬಿಟ್ಟುಕೊಡುತ್ತೀರಾ?’ ಎಂದು ಕೇಳಿದರು. ತಲೆ ತಗ್ಗಿಸದೆ ಕೇಳಿದರು. ನಾನು ‘ನೋಡೋಣ’ ಎಂದೆ.

ಗೆಳೆಯಾ, ಮುತ್ತಂಗದಲ್ಲಿ ನನ್ನ ಕಿವಿಗೆ ಬಿದ್ದದ್ದು ಆ ಮಾತು, ನನ್ನದೇ ದನಿಯಲ್ಲಿ. ಅಲ್ಲಿಂದ ಬತ್ತೇರಿಯವರೆಗೆ ಕಿಟಕಿಯ ಹೊರಗೆ ಏನಿತ್ತೋ ನಾನು ನೋಡಲಿಲ್ಲ.

ಇಷ್ಟನ್ನೆಲ್ಲ ಬರೆಯಬೇಕೆಂದು ಕುಳಿತವನಲ್ಲ. ನಿನ್ನ ಅಮ್ಮನಿಗೆ ಕಲ್ಲಿಕೋಟೆಯ ಕಪ್ಪು ಹಲ್ವಾ ತಂದಿದ್ದೇನೆ. ಭಾನುವಾರ ತೋಟಕ್ಕೆ ಹೋಗುತ್ತೇನೆ, ನೀನೂ ಬಾ. ಆ ಮೂಲೆ ಎಲ್ಲಿಂದ ಎಲ್ಲಿಯವರೆಗೆ ಎಂದು ಆ ಮುದುಕಿಯ ಮಗಳೇ ತೋರಿಸುತ್ತಾರೆ. ಅಳತೆ ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು. ಹಸಿರು ಛತ್ರಿ ಮಾತ್ರ ಮನೆಯಲ್ಲೇ ಇರಲಿ.

ನಿನ್ನವನು