ರಿಸೆಟ್ ಒತ್ತುವ ಮೊದಲು ದೀಪ ನೋಡಿ

ಸಂಪಾದಕರೇ,

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಬತ್ತದ ಸೀಸನ್ ಬಂದರೆ ರೈಸ್ ಮಿಲ್ಲುಗಳು ಹಗಲು ರಾತ್ರಿ ಓಡುತ್ತವೆ. ಮೋಟರುಗಳು ಕೈಕೊಡುವುದೂ ಆಗಲೇ ಜಾಸ್ತಿ. ಪ್ಯಾನಲ್ ಮೇಲೆ ದೀಪ ಹತ್ತುತ್ತದೆ, ಯಾರೋ ಓಡಿ ಬಂದು ರಿಸೆಟ್ ಒತ್ತುತ್ತಾರೆ, ಮತ್ತೆ ಸ್ಟಾರ್ಟ್, ಮತ್ತೆ ಟ್ರಿಪ್ (ಅಪಾಯ ಕಂಡು ತಾನಾಗಿ ನಿಲ್ಲುವುದು), ಮತ್ತೆ ರಿಸೆಟ್. ಮೋಟರಿನ ಒಳಗಿನ ತಂತಿ ಸುರುಳಿ, ಅಂದರೆ ವೈಂಡಿಂಗ್, ಸುಟ್ಟ ವಾಸನೆ ಬಂದ ಮೇಲೆ ನಮ್ಮಂಥ ಎಲೆಕ್ಟ್ರಿಷಿಯನ್‌ಗಳಿಗೆ ಫೋನು. ಯಾವ ದೀಪ ಹತ್ತಿತ್ತು, ಡಿಸ್‌ಪ್ಲೇ ಮೇಲೆ ಏನು ಬಂದಿತ್ತು ಅಂತ ಕೇಳಿದರೆ "ಕೆಂಪಗೆ ಏನೋ ಬಂತ್ರೀ" ಅನ್ನುವುದರ ಹೊರತು ಬೇರೆ ಉತ್ತರ ಇಲ್ಲ. ಆಪರೇಟರನ್ನು ಬೈದು ಉಪಯೋಗವಿಲ್ಲ. ಅವರಿಗೆ ತಿಳಿಯುವ ಹಾಗೆ ಯಾರೂ ಬರೆದಿಟ್ಟಿಲ್ಲ. ಮೋಟರಿನ ವೇಗ ಹೆಚ್ಚುಕಡಿಮೆ ಮಾಡುವ ವಿಎಫ್‌ಡಿ ಡ್ರೈವ್ ಜೊತೆ ಬಂದ ಇಂಗ್ಲಿಷ್ ಪುಸ್ತಕ ಸಾವ್ಕಾರರ ಆಫೀಸಿನ ಕಪಾಟಿನಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಭದ್ರವಾಗಿರುತ್ತದೆ!

ಮೊದಲನೇ ತಕರಾರು ಬಣ್ಣದ್ದೇ. ನಮ್ಮಲ್ಲಿ ಹಳೇ ಪವರ್ ಪ್ಯಾನಲ್‌ಗಳ ರೂಢಿ ಅಂದರೆ ಮೋಟರು ಓಡುತ್ತಿದ್ದರೆ ಕೆಂಪು, ನಿಂತಿದ್ದರೆ ಹಸಿರು, ಟ್ರಿಪ್ ಆದರೆ ಹಳದಿ. ಈಗ ಬರುವ ಹೊಸ ಮಷಿನ್‌ಗಳು ಐಇಸಿ 60204 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ನಡೆಯುತ್ತವೆ. ಅಲ್ಲಿ ಹಸಿರು ಅಂದರೆ ಎಲ್ಲ ಸರಿ, ಹಳದಿ ಅಂದರೆ ಏನೋ ಹೆಚ್ಚುಕಮ್ಮಿ, ಕೆಂಪು ಅಂದರೆ ಅಪಾಯ. ಒಂದೇ ಶೆಡ್ಡಿನಲ್ಲಿ ಎರಡೂ ತರದ ಪ್ಯಾನಲ್ ಅಕ್ಕಪಕ್ಕ ನಿಂತಿರುತ್ತವೆ. ರಾತ್ರಿ ಪಾಳಿಗೆ ಹೊಸದಾಗಿ ಬಂದ ಹುಡುಗ ಏನಂತ ತಿಳಿದುಕೊಳ್ಳಬೇಕು ಹೇಳಿ. ಇದರ ಮೇಲೆ ಆರ್-ವೈ-ಬಿ (ಕೆಂಪು-ಹಳದಿ-ನೀಲಿ) ಫೇಸ್ ದೀಪಗಳಲ್ಲೂ ಒಂದು ಕೆಂಪು, ಒಂದು ಹಳದಿ ಬೇರೆ. ಆ ಮೂರೂ ಹತ್ತಿದ್ದರೆ ಮೂರು ಫೇಸೂ ಇದೆ ಅಂತ ನಂಬಿಬಿಡುತ್ತಾರೆ. ದೀಪಕ್ಕೆ ಫ್ಯೂಸಿನ ಹಿಂದಿನಿಂದ, ಅಂದರೆ ಲೈನ್ ಬರುವ ಕಡೆಯಿಂದ, ವೈರ್ ಕೊಟ್ಟಿದ್ದರೆ ಫ್ಯೂಸ್ ಹೋದರೂ ಅದು ಉರಿಯುತ್ತಲೇ ಇರುತ್ತದೆ. ಫ್ಯೂಸಿನ ಮುಂದೆ, ಮೋಟರಿನ ಕಡೆಯಿಂದ, ಕೊಟ್ಟಿದ್ದರೂ, ಎರಡು ಫೇಸಿನಲ್ಲಿ ಓಡುತ್ತಿರುವ ಮೋಟರು ಹೋದ ಫೇಸಿಗೆ ವಾಪಸ್ ವೋಲ್ಟೇಜ್ ಕೊಟ್ಟು ದೀಪವನ್ನು ಮಂದವಾಗಿ ಹತ್ತಿಸಬಹುದು. ಹಾಗಾಗಿ ದೀಪ ಮಂದ ಕಂಡರೆ ಸುಮ್ನೆ ಬಿಡಬೇಡಿ, ಮೀಟರ್ ಹಿಡಿದು ನೋಡಿ.

ಸಾಮಾನ್ಯ ಸ್ಟಾರ್ಟರ್‌ನಲ್ಲಿ ಟ್ರಿಪ್ ದೀಪಕ್ಕೆ ಕರೆಂಟ್ ಬರುವುದು, ಮೋಟರು ಜಾಸ್ತಿ ಕರೆಂಟ್ ಎಳೆದರೆ ನಿಲ್ಲಿಸುವ ಓವರ್‌ಲೋಡ್ ರಿಲೇಯ 97-98 ಪಾಯಿಂಟಿನಿಂದ. ರಿಲೇ ಬಿಸಿಯಾಗಿ ಟ್ರಿಪ್ ಆದಾಗ 95-96 ಬಿಟ್ಟು, ಮೋಟರಿಗೆ ಕರೆಂಟ್ ಕೊಡುವ ಕಾಂಟ್ಯಾಕ್ಟರ್ ಬೀಳುತ್ತದೆ, 97-98 ಸೇರಿ ದೀಪ ಹತ್ತುತ್ತದೆ. ಅಂದರೆ ದೀಪ ಹತ್ತಿದರೆ ಮೋಟರು ಸೆಟ್ ಮಾಡಿದ್ದಕ್ಕಿಂತ ಜಾಸ್ತಿ ಆಂಪಿಯರ್ ಎಳೆದಿದೆ. ಕಾಳು ಮೇಲೆತ್ತುವ ಎಲಿವೇಟರ್ ಬುಡದಲ್ಲಿ ಬತ್ತ ತುಂಬಿದೆಯಾ, ಬೇರಿಂಗ್ ಹಿಡಿದಿದೆಯಾ, ಒಂದು ಫೇಸ್ ಹೋಗಿದೆಯಾ, ಅದನ್ನು ಹುಡುಕಬೇಕು. ಮೋಟರು ನಿಂತಿದೆ, ಟ್ರಿಪ್ ದೀಪ ಮಾತ್ರ ಹತ್ತಿಲ್ಲ ಅಂದರೆ ದಾರಿಯೇ ಬೇರೆ. ಕಂಟ್ರೋಲ್ ಫ್ಯೂಸ್, ಸ್ಟಾಪ್ ಬಟನ್, ಕಾಂಟ್ಯಾಕ್ಟರ್ ಕಾಯಿಲ್ ಕಡೆ ನೋಡಬೇಕು. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗೀತು.

ಆದರೆ ನಡೆಯುವುದೇನು? ರಿಲೇ ಪದೇ ಪದೇ ಬೀಳುತ್ತೆ ಅಂತ ಸ್ಕ್ರೂಡ್ರೈವರ್ ಹಾಕಿ ಡಯಲ್ ಏರಿಸಿಬಿಡುತ್ತಾರೆ. ಅಳುವ ಮಗುವಿನ ಬಾಯಿ ಮುಚ್ಚಿದ ಹಾಗೆ. ಮೋಟರನ್ನು ಮೊದಲು ಕಡಿಮೆ ವೋಲ್ಟೇಜಿನಲ್ಲಿ ಎಬ್ಬಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್‌ನಲ್ಲಂತೂ ಇದು ತೀರಾ ಸಾಮಾನ್ಯ. 10 ಎಚ್‌ಪಿ ಮೋಟರಿನ ನೇಮ್‌ಪ್ಲೇಟ್ ಮೇಲೆ 14 ಆಂಪಿಯರ್ ಇರುತ್ತದೆ, ರಿಲೇ 8ರಲ್ಲಿ ಇರುತ್ತದೆ. "ಕಡಿಮೆ ಇಟ್ಟಿದಾರೆ" ಅಂತ 14ಕ್ಕೆ ತಿರುಗಿಸುತ್ತಾರೆ. ಆ ರಿಲೇ ಫೇಸ್ ವೈಂಡಿಂಗ್ ದಾರಿಯಲ್ಲಿ ಕೂತಿದ್ದರೆ ಅದಕ್ಕೆ ಬರುವುದು ನೇಮ್‌ಪ್ಲೇಟಿನ ಲೈನ್ ಕರೆಂಟಿನ 58% ಮಾತ್ರ, ಅಂದರೆ 8ರ ಹತ್ತಿರವೇ ಸರಿ. ಏರಿಸಿದ ಮೇಲೆ ಆ ರಿಲೇ ಇದ್ದೂ ಇಲ್ಲದಂತೆ. ಇನ್ನೂ ಕೆಲವರು ರಿಸೆಟ್ ಬಟನ್ನನ್ನು ಆಟೋ ಕಡೆ ತಿರುಗಿಸಿಡುತ್ತಾರೆ. ಸೆಲೆಕ್ಟರ್ ಸ್ವಿಚ್ಚಿನಲ್ಲಿ ಓಡುವ ಮೋಟರಾದರೆ ರಿಲೇ ತಣ್ಣಗಾದ ಕೂಡಲೇ ತಾನಾಗಿ ಚಾಲೂ ಆಗುತ್ತದೆ. ಅಷ್ಟು ಹೊತ್ತಿಗೆ ಎಲಿವೇಟರ್ ಬುಡದ ಬತ್ತ ತೆಗೆಯಲು ಹಮಾಲರೊಬ್ಬರು ಒಳಗೆ ಕೈ ಹಾಕಿರುತ್ತಾರೆ.

ವಿಎಫ್‌ಡಿ ಡ್ರೈವ್‌ಗಳು ಬಂದ ಮೇಲೆ ಕೆಲಸ ಸಲೀಸಾಗಬೇಕಿತ್ತು, ಯಾಕಂದರೆ ಅವು ಬರೀ ದೀಪ ತೋರಿಸುವುದಿಲ್ಲ, ಕಾರಣವನ್ನೂ ಹೇಳುತ್ತವೆ. ಮಿತ್ಸುಬಿಷಿಯಲ್ಲಿ ಇ.ಓಸಿ1 ಬಂದರೆ ವೇಗ ಏರುವಾಗ ಕರೆಂಟ್ ಜಾಸ್ತಿಯಾಗಿದೆ, ಇ.ಓಸಿ2 ಅಂದರೆ ಒಂದೇ ವೇಗದಲ್ಲಿ ಓಡುವಾಗ, ಇ.ಓಸಿ3 ಅಂದರೆ ವೇಗ ಇಳಿಯುವಾಗ. ಡೆಲ್ಟಾ ಕಂಪನಿಯದರಲ್ಲಿ ಅದೇ ಓಸಿಎ, ಓಸಿಎನ್, ಓಸಿಡಿ. ಕೊನೆಯ ಒಂದು ಅಕ್ಷರ ನೋಡಿದರೆ ಎಲ್ಲಿ ಹುಡುಕಬೇಕು ಅನ್ನುವುದು ತಿಳಿಯುತ್ತದೆ, ಅಲ್ವಾ? ರಿಸೆಟ್ ಒತ್ತಿದರೆ ಅದು ಕಣ್ಣೆದುರಿಂದ ಹೋಗುತ್ತದೆ. ಎಷ್ಟೋ ಡ್ರೈವ್‌ಗಳು ಹಿಂದಿನ ಫಾಲ್ಟ್‌ಗಳನ್ನು ಒಳಗೆ ನೆನಪಿಟ್ಟುಕೊಂಡಿರುತ್ತವೆ, ಆದರೆ ಮೆನುವಿನಲ್ಲಿ ಹೊಕ್ಕು ನೋಡುವವರು ಯಾರು. ದೊಡ್ಡ ಬ್ಲೋವರ್ ನಿಲ್ಲಿಸುವಾಗ ಓವರ್ ವೋಲ್ಟೇಜ್ ಬಂದರೆ ಲೈನಿನ ಕರೆಂಟನ್ನು ಬೈಯುತ್ತಾರೆ. ಹೆಚ್ಚಿನ ಸಲ ತಿರುಗುತ್ತಿರುವ ಭಾರದ ಫ್ಯಾನೇ ಮೋಟರನ್ನು ಜನರೇಟರ್ ಮಾಡಿ ಡ್ರೈವ್ ಒಳಗೆ ವೋಲ್ಟೇಜ್ ಏರಿಸಿರುತ್ತದೆ. ನಿಲ್ಲುವ ಸಮಯವನ್ನು ಕೆಲವು ಸೆಕೆಂಡ್ ಹೆಚ್ಚಿಸಿದರೆ ಸಾಕಾಗಬಹುದು. ಪೈಸೆ ಖರ್ಚಿಲ್ಲ.

ಬಿಸಿಯ ಫಾಲ್ಟ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಬಹಳಷ್ಟು ಡ್ರೈವ್‌ಗಳ ಪೂರ್ತಿ ತಾಕತ್ತು 40 ಡಿಗ್ರಿವರೆಗೆ ಮಾತ್ರ. ಮೇ ತಿಂಗಳಲ್ಲಿ ನಮ್ಮಲ್ಲಿ ನೆರಳಲ್ಲೇ ಅಷ್ಟಿರುತ್ತದೆ, ಮುಚ್ಚಿದ ಪ್ಯಾನಲ್ ಒಳಗೆ ಕೇಳುವುದೇ ಬೇಡ. ಫ್ಯಾನಿನ ಜಾಲಿಗೆ ತೌಡಿನ ಧೂಳು ಗಟ್ಟಿಯಾಗಿ ಮೆತ್ತಿಕೊಂಡಿರುತ್ತದೆ, ಅದನ್ನು ತೆಗೆಯಿರಿ.

ಫಾಲ್ಟ್ ಅಲ್ಲದ ಒಂದು ದೀಪವೂ ಇದೆ. ಕೆಲವು ಡ್ರೈವ್‌ಗಳ ಟರ್ಮಿನಲ್ ಪಕ್ಕ ಚಾರ್ಜ್ ಅಂತ ಸಣ್ಣ ಕೆಂಪು ದೀಪ ಇರುತ್ತದೆ. 415 ವೋಲ್ಟ್ ಡ್ರೈವ್ ಒಳಗೆ ಸುಮಾರು 587 ವೋಲ್ಟ್ ಡಿಸಿ ಇರುತ್ತದೆ, ಮೇನ್ ಆಫ್ ಮಾಡಿದರೂ ಕೂಡಲೇ ಹೋಗುವುದಿಲ್ಲ. ದೀಪ ಆರಿದ ಮೇಲೂ ಡ್ರೈವ್ ಮೇಲೆ ಬರೆದಷ್ಟು ನಿಮಿಷ ಕಾಯಬೇಕು, ಆಮೇಲೆ ಮೀಟರ್ ಹಿಡಿದು ನೋಡಿಯೇ ಕೈ ಹಾಕಬೇಕು. ಮೋಟರಿನ ಇನ್ಸುಲೇಷನ್ ಪರೀಕ್ಷಿಸಲು ಮೆಗ್ಗರ್ ಮಾಡುವುದಾದರೆ ಕೇಬಲ್ಲನ್ನು ಡ್ರೈವಿನಿಂದ ಬಿಚ್ಚಿಯೇ ಮಾಡಬೇಕು, ಇಲ್ಲದಿದ್ದರೆ ಮೋಟರಿನ ಜೊತೆ ಡ್ರೈವೂ ರಿಪೇರಿಗೆ ಹೋಗುತ್ತದೆ.

ಮಿಲ್ ಮಾಲೀಕರಲ್ಲಿ, ಪ್ಯಾನಲ್ ಮಾಡಿಕೊಡುವವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಯಾವ ದೀಪ ಯಾತಕ್ಕೆ, ಯಾವ ಕೋಡ್ ಬಂದರೆ ಮೊದಲು ಏನು ನೋಡಬೇಕು, ರಿಲೇ ಎಷ್ಟರಲ್ಲಿ ಸೆಟ್ ಆಗಿದೆ ಮತ್ತು ಯಾಕೆ, ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಲ್ಯಾಮಿನೇಷನ್ ಮಾಡಿಸಿ ಪ್ಯಾನಲ್ ಬಾಗಿಲಿನ ಒಳಗೆ ಅಂಟಿಸಿ. ಹೊಸ ಪ್ಯಾನಲ್ ಆರ್ಡರ್ ಕೊಡುವಾಗ ಈ ಹಾಳೆ ಇಲ್ಲದಿದ್ದರೆ ಕೊನೆಯ ಕಂತು ಕೊಡಬೇಡಿ, ಆಗ ತಾನಾಗಿ ಬರುತ್ತದೆ.

– ಒಬ್ಬ ಎಲೆಕ್ಟ್ರಿಷಿಯನ್, ಕಾರಟಗಿ