ಹರಳಿನ ನಡುವಿನ ತೂತು ಯಾರದು

ಮಂಡ್ಯ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಾನಸಗಂಗೋತ್ರಿಯಿಂದ ನೀನು ಕಳಿಸಿದ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರದ, ಚಿತ್ರಗಳನ್ನು ಕಣ್ತುಂಬ ನೋಡಿದೆ. ತುಂಬಾ ಸಂತೋಷವಾಯಿತು. ಆದರೆ ಒಂದು ಮಾತು ಹೇಳಲೇಬೇಕು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣುವುದೆಲ್ಲ ಹಲ್ಲಿನದ್ದೇ ಅಲ್ಲ. ನಿನ್ನ ಕೈಯಿಂದ ಆದದ್ದು, ಯಂತ್ರದಿಂದ ಆದದ್ದು ಕೂಡ ಅದರಲ್ಲಿ ಸೇರಿರುತ್ತದೆ. ಅದನ್ನು ಬೇರ್ಪಡಿಸುವ ತನಕ ಏನನ್ನೂ ಬರೆಯಬೇಡ.

ಮೊದಲ ಚಿತ್ರದಲ್ಲಿರುವ ಬಿರುಕು ಬಾಯಲ್ಲಿದ್ದಾಗಲೇ ಬಿದ್ದದ್ದು ಅಂದಿದ್ದೀಯ. ಕಿತ್ತ ಹಲ್ಲು ಒಣಗಿದರೂ ಬಿರುಕು ಬಿಡುತ್ತದೆ, ಯಂತ್ರದ ನಿರ್ವಾತದಲ್ಲೂ ಬಿಡುತ್ತದೆ. ಕಿತ್ತ ಗಳಿಗೆಯಿಂದ ತೇವದಲ್ಲೇ ಇಡು. ಎಲೆಕ್ಟ್ರಾನ್ ಯಂತ್ರಕ್ಕಾಗಿ ಚಿನ್ನದ ಲೇಪ ಕೊಡುವ ಮುಂಚೆ ಮಾಮೂಲಿ ಸೂಕ್ಷ್ಮದರ್ಶಕದಲ್ಲೂ ಒಂದು ಚಿತ್ರ ತೆಗೆದಿಟ್ಟುಕೋ. ಆಮೇಲೆ ಯಾರೂ ನಿನ್ನನ್ನು ಪ್ರಶ್ನಿಸುವಂತಿಲ್ಲ.

ಆಮ್ಲದ್ದೂ ಇದೇ ಕಥೆ. 37% ಫಾಸ್ಫಾರಿಕ್ ಆಮ್ಲ ಹಚ್ಚಿ ತೊಳೆದರೆ, ಸುಮಾರು 5 ಮೈಕ್ರೋಮೀಟರ್ ದಪ್ಪದ ಎನಾಮಲ್ ಕಡ್ಡಿಗಳು ಹೊರೆ ಕಟ್ಟಿದ ಕಬ್ಬಿನ ಜಲ್ಲೆಗಳ ತುದಿಯಂತೆ ಎದ್ದು ಕಾಣುತ್ತವೆ. ಆ ಹಳ್ಳ ದಿಣ್ಣೆ ಆಮ್ಲ ಎಷ್ಟು ಹೊತ್ತು ಇತ್ತು ಎಂಬುದರ ಮೇಲೆ ನಿಂತಿರುತ್ತದೆ. 15 ಸೆಕೆಂಡಿನದನ್ನು 60 ಸೆಕೆಂಡಿನದರ ಜೊತೆ ಹೋಲಿಸಬೇಡ.

ನನಗೆ ಹೆಚ್ಚು ಚಿಂತೆ ಇರುವುದು ಟಿಇಎಂ, ಅಂದರೆ ತೆಳು ಚೂರಿನ ಮೂಲಕ ಎಲೆಕ್ಟ್ರಾನ್ ಹಾಯಿಸಿ ತೆಗೆದ, ಚಿತ್ರಗಳ ಬಗ್ಗೆ. ಎನಾಮಲ್ ತೂಕದಲ್ಲಿ ಸುಮಾರು 96% ಖನಿಜ. ಆ ಖನಿಜದ, ಅಂದರೆ ಹೈಡ್ರಾಕ್ಸಿಅಪಟೈಟಿನ, ಹರಳು ಅಡ್ಡಕ್ಕೆ ಬರೀ 50 ನ್ಯಾನೊಮೀಟರ್ ಆಸುಪಾಸು. ನಿನ್ನ ಚಿತ್ರದಲ್ಲಿ ಕೆಲವು ಹರಳುಗಳ ನಟ್ಟನಡುವೆ ತೂತಿದೆ. ಹುಳುಕು ಹಿಡಿದ ಹಲ್ಲಿನಲ್ಲಿ ಹರಳು ನಡುವಿನಿಂದಲೇ ಕರಗುವುದುಂಟು. ಹರಳಿನ ಆ ನಡುಭಾಗದಲ್ಲಿ ಕಾರ್ಬೊನೇಟ್, ಸೋಡಿಯಂ ಸೇರಿಕೊಂಡಿರುವುದನ್ನೂ ಅಕ್ಕಪಕ್ಕದಲ್ಲಿ ಮೆಗ್ನೀಸಿಯಂ ಪದರಗಳಿರುವುದನ್ನೂ 2020ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಹಾಗಂತ ನಿನ್ನ ತೂತೂ ಅದೇ ಅಂದುಕೊಳ್ಳಬೇಡ. ಎಲೆಕ್ಟ್ರಾನ್ ಕಿರಣ ಒಂದೇ ಕಡೆ ನಿಂತರೂ ಈ ಹರಳು ಹಾಳಾಗಿ ತೂತು ಬೀಳುತ್ತದೆ. ಇನ್ನೂ ಬಿಟ್ಟರೆ ಕ್ಯಾಲ್ಸಿಯಂ ಆಕ್ಸೈಡ್ ಆಗಿಬಿಡಬಹುದು. ಕಿರಣವನ್ನು ಆದಷ್ಟು ಕಡಿಮೆ ಮಾಡಿ, ಫೋಕಸ್ಸನ್ನು ಪಕ್ಕದ ಜಾಗದಲ್ಲಿ ಸರಿಮಾಡಿಕೊಂಡು, ಆಮೇಲೆ ಬೇಕಾದ ಕಡೆ ಸರಿದು ಮೊದಲ ಚಿತ್ರ ತೆಗೆ. ಸ್ವಲ್ಪ ಹೊತ್ತು ಬಿಟ್ಟು ಅಲ್ಲೇ ಇನ್ನೊಂದು. ತೂತು ಬೆಳೆದಿದ್ದರೆ ಯಂತ್ರದ ಪಾಲು ಇದೆ ಅಂತ ಲೆಕ್ಕ. ಇದಕ್ಕೆ ತಾಳ್ಮೆ ಬೇಕು, ನಿನಗೆ ಅದಿದೆ.

ಡಿಫ್ರಾಕ್ಷನ್ನಿನಲ್ಲಿ, ಅಂದರೆ ಹರಳು ಎಲೆಕ್ಟ್ರಾನುಗಳನ್ನು ಚದುರಿಸಿ ಮೂಡಿಸುವ ಚಿತ್ರದಲ್ಲಿ, 002 ತಲಗಳ (ಹರಳಿನೊಳಗಿನ ಒಂದು ಬಗೆಯ ಪರಮಾಣು ಪದರಗಳ) ಅಂತರ 0.344 ನ್ಯಾನೊಮೀಟರ್ ಹತ್ತಿರ ಬರಬೇಕು. ಬರದಿದ್ದರೆ ಹಲ್ಲನ್ನು ದೂರುವ ಮುಂಚೆ ಯಂತ್ರದ ಅಳತೆ ಪರೀಕ್ಷಿಸು.

ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಹಲ್ಲು ಕಲೆಯಾದವರ ಹಲ್ಲುಗಳನ್ನೂ ನೋಡಬೇಕು ಅಂದಿದ್ದೀಯ, ಖಂಡಿತ ನೋಡು. ಎನಾಮಲ್ ಕಟ್ಟಿಕೊಳ್ಳುವ ಎಳೆವಯಸ್ಸಿನಲ್ಲಿ ಕುಡಿದ ನೀರು ಮುಖ್ಯ. ಅದಕ್ಕೇ ಹಲ್ಲು ಕೊಟ್ಟವರು ಬಾಲ್ಯ ಎಲ್ಲಿ ಕಳೆದರು ಅಂತ ಕೇಳಿ ಬರೆದುಕೋ. ಅವರ ಒಪ್ಪಿಗೆ ಪತ್ರವಿಲ್ಲದೆ ಒಂದು ಹಲ್ಲನ್ನೂ ಮುಟ್ಟಬೇಡ.

ಮುಂದಿನ ಸಲ ಊರಿಗೆ ಬರುವಾಗ ಒಂದೇ ಜಾಗದ ಆ ಎರಡು ಚಿತ್ರಗಳನ್ನೂ ತಾ, ಕೂತು ಅಳೆಯೋಣ.

ಇಂತಿ,
ನಿನ್ನ ದೊಡ್ಡಪ್ಪ