ಬಾರದ ಅಪಾಯಕ್ಕೆ ಕಾವಲು ಕೂತವಳಿಗೆ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಕಳೆದ ಸಲ ಒಟ್ಟಿಗೆ ಹೊರಟಾಗ ನೀನು ಗ್ಯಾಸ್ ಒಲೆಯ ನಾಬ್ ತಿರುಗಿಸಿ ನೋಡಿ, ಬಾಗಿಲವರೆಗೆ ಬಂದು ಚಪ್ಪಲಿ ಮೆಟ್ಟಿ, ಮತ್ತೆ ಬಿಟ್ಟು ಒಳಗೆ ಹೋದದ್ದನ್ನು ಗಮನಿಸಿದೆ. ನಾಲ್ಕನೆಯ ಸಲ ನೀನು ಆ ನಾಬಿನ ಫೋಟೋ ತೆಗೆದುಕೊಂಡೆ. ದಾರಿಯಲ್ಲಿ ಆ ಫೋಟೋವನ್ನೂ ನಂಬಲಾರದೆ ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದೆ. ಅಂದು ಹೇಳದ ಮಾತನ್ನು ಈಗ ಬರೆಯುತ್ತಿದ್ದೇನೆ.

'ಒಲೆ ಆರಿಸಿಲ್ಲವೇನೋ' ಎಂದು ತೋಚುವುದು ರೋಗವಲ್ಲ. ಬೇಡದ, ಭಯಂಕರವಾದ ಯೋಚನೆಗಳು ಆರೋಗ್ಯವಂತರ ತಲೆಯಲ್ಲೂ ಸುಳಿಯುತ್ತವೆಂದು ಮನೋವಿಜ್ಞಾನಿಗಳಾದ ರಾಕ್‌ಮನ್ ಮತ್ತು ಡಿ ಸಿಲ್ವ 1978ರಲ್ಲೇ ತೋರಿಸಿದ್ದಾರೆ. ಬೇಡದ ಯೋಚನೆ ಮತ್ತೆ ಮತ್ತೆ ಬಂದು ಒಂದೇ ಕೆಲಸವನ್ನು ಪದೇ ಪದೇ ಮಾಡಿಸುವ ಗೀಳು ಕಾಯಿಲೆಯಲ್ಲಿ (ಒಸಿಡಿ) ಆ ಯೋಚನೆ ಅಪ್ಪಣೆಯಾಗಿಬಿಡುತ್ತದೆ: ತೋಚಿತು, ಆದ್ದರಿಂದ ಅಪಾಯವಿದೆ, ತಡೆಯುವ ಹೊಣೆ ನನ್ನದೇ.

ಹೋಗಿ ನೋಡಿದೊಡನೆ ಎದೆಯ ಭಾರ ಇಳಿಯುತ್ತದೆ, ಆ ನಿರಾಳವೇ ಮರುದಿನವೂ ನಿನ್ನನ್ನು ಒಲೆಯ ಬಳಿಗೆ ಎಳೆಯುತ್ತದೆ. ಮನೆಗೆ ಬೆಂಕಿ ಬೀಳುವುದು ಹೇಗೂ ತೀರ ಅಪರೂಪ. ಆದರೆ ಬೀಳದೆ ಕಳೆದ ಪ್ರತಿದಿನದ ಶ್ರೇಯಸ್ಸನ್ನೂ ಮನಸ್ಸು ನಿನ್ನ ಆ ನಾಲ್ಕು ಓಡಾಟಗಳಿಗೆ ಕೊಡುತ್ತದೆ, ಓಡಾಡದಿದ್ದರೂ ಏನೂ ಆಗುತ್ತಿರಲಿಲ್ಲವೆಂದು ಕಲಿಯುವ ಅವಕಾಶ ಅದಕ್ಕೆ ಸಿಗುವುದೇ ಇಲ್ಲ. ಅಪಾಯ ಅಪರೂಪವಾದಷ್ಟೂ ಈ ಸುಳ್ಳು ಸಾಕ್ಷಿ ಬೆಳೆಯುತ್ತಾ ಹೋಗುವುದು ನನಗೆ ವಿಚಿತ್ರವೆನಿಸುತ್ತದೆ. 'ಹಾಗೆಲ್ಲ ಆಗುವುದಿಲ್ಲ ಬಿಡು' ಎಂಬ ಲೆಕ್ಕದಿಂದ ಭಯ ಹೋಗದಿರುವುದೂ ಇದರಿಂದಲೇ. ಆ ಲೆಕ್ಕ ನಿನಗೂ ಗೊತ್ತು. ಒಬ್ಬಳೇ ಇದ್ದಾಗ ಒಲೆ ಹಚ್ಚುವುದನ್ನೇ ನೀನು ಬಿಟ್ಟಿರುವುದೂ ಇದೇ ಬಲೆಯ ಇನ್ನೊಂದು ಗಂಟು.

ನಿನಗೆ ಹೇಳಲೇಬೇಕಾದ ಪ್ರಯೋಗವೊಂದಿದೆ. 2003ರಲ್ಲಿ ಪ್ರಕಟವಾದ ಡಚ್ ಸಂಶೋಧಕರ ಆ ಅಧ್ಯಯನದಲ್ಲಿ, ಆರೋಗ್ಯವಂತರಿಂದಲೇ ಕಂಪ್ಯೂಟರಿನಲ್ಲಿ ಕಾಣುವ ಗ್ಯಾಸ್ ಒಲೆಯೊಂದನ್ನು ಪದೇ ಪದೇ ಪರೀಕ್ಷೆ ಮಾಡಿಸಿದರು. ಅವರ ನೆನಪು ತಪ್ಪಲಿಲ್ಲ. ಆದರೆ ನೆನಪಿನ ಚಿತ್ರ ಮಸುಕಾಗಿ, ಅದರ ಮೇಲಿನ ನಂಬಿಕೆ ಕುಸಿಯಿತು. ಅನುಮಾನವಿದೆಯೆಂದು ನೀನು ನೋಡುತ್ತೀಯೆ, ನೋಡಿದ್ದರಿಂದಲೇ ಅನುಮಾನ ಹೆಚ್ಚುತ್ತದೆ.

ಇದಕ್ಕೆ ಚಿಕಿತ್ಸೆಯುಂಟು. ಭಯದ ಎದುರು ನಿಂತು, ಅದನ್ನು ಶಮನ ಮಾಡುವ ಕ್ರಿಯೆಯನ್ನು ಮಾಡದೆ ತಡೆದುಕೊಳ್ಳುವ ದಾರಿಯನ್ನು ಮನೋವಿಜ್ಞಾನಿ ವಿಕ್ಟರ್ ಮೇಯರ್ 1966ರಲ್ಲಿ ವರದಿ ಮಾಡಿದರು. ಇಂದಿಗೂ ಮನೋಚಿಕಿತ್ಸೆಯಲ್ಲಿ ಅದೇ ಮುಂಚೂಣಿಯಲ್ಲಿದೆ. ಒಂದೇ ಸಲ ಆರಿಸಿ, ಹೊರಟು, ತಳಮಳ ಏರಿದರೂ ಹಿಂದಿರುಗದಿರುವುದು. ಕೇಳಲು ಸುಲಭ, ಮಾಡಲು ಅಲ್ಲ. ಆದ್ದರಿಂದ ತಿಳಿದ ಮನೋವೈದ್ಯರ ಜೊತೆಗೂಡಿ ಹಂತಹಂತವಾಗಿ ಮಾಡು. ಅವರು ಮಾತ್ರೆ ಬರೆದುಕೊಟ್ಟರೆ ಸಂಕೋಚಪಡಬೇಡ. ಗುಣ ಕಾಣಲು ವಾರಗಳೇ ಬೇಕಾಗುತ್ತವೆ.

ನನ್ನದೂ ಒಂದು ತಪ್ಪಿದೆ. ನೀನು ಫೋನಿನಲ್ಲಿ 'ಆರಿಸಿದ್ದೆನಲ್ಲವೇ ದೊಡ್ಡಪ್ಪ?' ಎಂದಾಗಲೆಲ್ಲ 'ಆರಿಸಿದ್ದೀಯಮ್ಮ' ಎಂದು ನಿನ್ನ ಐದನೆಯ ಪರೀಕ್ಷೆಯನ್ನು ನಾನೇ ಮಾಡಿಕೊಟ್ಟಿದ್ದೇನೆ. ನೀನು ಒಪ್ಪಿದರೆ, ಮುಂದಿನ ಸಲ 'ಗೊತ್ತಿಲ್ಲ ಮಗಳೇ' ಎಂದಷ್ಟೇ ಹೇಳಿ, ನಿನ್ನ ತಳಮಳ ಇಳಿಯುವವರೆಗೆ ಫೋನ್ ಇಡದೆ ಬೇರೆ ಮಾತಾಡುತ್ತಿರುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ